ದೊಡ್ಡಮ್ಮ ಕೇಳುವುದನ್ನು ಬಿಡಲಿಲ್ಲ

ನನ್ನ ದೊಡ್ಡಮ್ಮ ಇಪ್ಪತ್ತಾರು ವರ್ಷ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕಿದಳು. ಕೈಯಲ್ಲಿ ಹಿಡಿಯುವ ಇಸ್ತ್ರಿಪೆಟ್ಟಿಗೆಯಲ್ಲ. ಅದು ಕೋಣೆಯಷ್ಟೇ ಉದ್ದದ ಯಂತ್ರ, ಎರಡು ದೊಡ್ಡ ಉರುಳೆಗಳು, ಸುತ್ತ ಬುಸುಗುಡುವ ಹಬೆ. ಈಚೆ ಇಬ್ಬರು ನಿಂತು ಒದ್ದೆ ಚಾದರದ ಮೂಲೆಗಳನ್ನು ಹಿಡಿದು ಉರುಳೆಗಳ ಬಾಯಿಗೆ ಕೊಡಬೇಕು. ಆಚೆ ಇಬ್ಬರು ನಿಂತು ಸುಡುಸುಡುತ್ತಾ ಹೊರಬಂದದ್ದನ್ನು ಮಡಿಸಿ ಪೇರಿಸಬೇಕು. ದಿನಕ್ಕೆ ಆರುನೂರು ಚಾದರ. ದೊಡ್ಡಮ್ಮ ಯಾವಾಗಲೂ ಈಚೆ ಕಡೆಯ ಎಡಮೂಲೆ. ಉರುಳೆ ಬಟ್ಟೆಯನ್ನು ಕಚ್ಚುವ ಮೊದಲು ಅವಳು ಮಣಿಕಟ್ಟಿನಿಂದ ಒಂದೇ ಒಂದು ಜಗ್ಗು ಜಗ್ಗುತ್ತಿದ್ದಳು. ಆ ಜಗ್ಗಿಗೆ ಚಾದರದ ಸುಕ್ಕೆಲ್ಲ ಹೆದರಿ ಓಡಿಹೋಗುತ್ತಿತ್ತು. "ತಿಂಗಳುಗಟ್ಟಲೆ ಮಲಗಿರೋರ ಬೆನ್ನಿಗೆ ಒಂದು ಸುಕ್ಕು ಒತ್ತಿದ್ರೂ ಹುಣ್ಣಾಗತ್ತೆ" ಎನ್ನುವಳು. ಹೊಸದಾಗಿ ಸೇರಿದವರು ಸುಕ್ಕು ಬಿಟ್ಟರೆ ಚಾದರವನ್ನು ತಿರುಗಿ ನೀರಿಗೆ ಹಾಕಿಸುತ್ತಿದ್ದಳು. ಮೇಲ್ವಿಚಾರಕನೇ ಅವಳ ಹತ್ತಿರ ಬರುವಾಗ ಅರ್ಧ ದಾರಿಯಲ್ಲಿ ನಿಂತು ಮಾತು ಜೋಡಿಸಿಕೊಳ್ಳುತ್ತಿದ್ದನಂತೆ.

ಜಗಳಗಂಟಿ ಎಂದು ಹೆಸರಾಗಿತ್ತು. ಅಂಗಡಿಯಿಂದ ತಂದ ಟೊಮೆಟೊದಲ್ಲಿ ಒಂದು ಕೊಳೆತಿದ್ದರೆ ಆ ಒಂದನ್ನೇ ಕೈಯಲ್ಲಿ ಹಿಡಿದು ಮೂರು ಬೀದಿ ದಾಟಿ ವಾಪಸು ಕೊಡಲು ಹೋಗುವವಳು. ಅವಳ ತಂಗಿಯಾದ ನನ್ನ ಅಮ್ಮ ಹೇಳುತ್ತಿದ್ದಳು, "ನಮ್ಮಕ್ಕ ಹುಟ್ಟೋವಾಗ ಅತ್ತಿರಲಿಕ್ಕಿಲ್ಲ, ಸೂಲಗಿತ್ತಿ ಜೊತೆ ವಾದ ಮಾಡಿರ್ತಾಳೆ."

ದೊಡ್ಡಪ್ಪ ಅದಕ್ಕೆ ಪೂರಾ ಉಲ್ಟಾ. ಬಸ್ ನಿಲ್ದಾಣದ ಎದುರು ಕಪಾಟಿನಷ್ಟೇ ಇದ್ದ ಅಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುತ್ತಿದ್ದ, ಕಳೆದ ಬೀಗದ ಕೈಗಳಿಗೆ ಜೋಡಿ ಮಾಡಿಕೊಡುತ್ತಿದ್ದ. ಎಂಬತ್ತು ಕೆ.ಜಿ.ಯ ಆಳು, ಆದರೆ ಮಾತು ಮಾತ್ರ ಗ್ರಾಂ ಲೆಕ್ಕ. ಅವರಿಗೆ ಮಕ್ಕಳಿರಲಿಲ್ಲ. ಅಮ್ಮ ಸಂಜೆಯವರೆಗೆ ಕೆಲಸದಲ್ಲಿರುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲೇ. ಊಟಕ್ಕೆ ಮೊದಲು ಇಬ್ಬರೂ ಪ್ರಾರ್ಥನೆ ಮಾಡುವುದನ್ನು ಕೇಳುವುದೇ ನನಗೊಂದು ತಮಾಷೆ. ದೊಡ್ಡಪ್ಪನದು ಒಂದೇ ಸಾಲು: "ಅಪ್ಪಾ, ನಿಂಗೆ ಎಲ್ಲಾ ಗೊತ್ತಲ್ಲ, ಆಮೆನ್." ದೊಡ್ಡಮ್ಮನದು ದರ್ಜಿಗೆ ಅಳತೆ ಕೊಟ್ಟ ಹಾಗೆ. "ಮೇಲಿನ ಮನೆ ಅಜ್ಜಿಯ ಮೊಣಕಾಲು ತಂದೆಯೇ, ಎಡಗಡೇದು, ಬಲಗಡೇದು ಪರವಾಗಿಲ್ಲ. ನಮ್ಮ ಉರುಳೆ ಯಂತ್ರದ ಬೆಲ್ಟು ಸೋಮವಾರದ ತನಕ ತಡೀಲಿ. ಈ ಹುಡುಗಿಗೆ ಗುಣಾಕಾರ ತಲೆಗೆ ಹತ್ತಲಿ, ಭಾಗಾಕಾರ ಆಮೇಲೆ ನೋಡೋಣ." ಅಷ್ಟರಲ್ಲಿ ನನ್ನ ತಟ್ಟೆಯ ಸಾರು ಆರಿಹೋಗಿರುತ್ತಿತ್ತು.

ದೊಡ್ಡಪ್ಪನಿಗೆ ಐವತ್ತೆಂಟು ಆದಾಗ ಹೊಟ್ಟೆನೋವು ಶುರುವಾಯಿತು. ಮೊದಲು ಅಜೀರ್ಣ ಎಂದುಕೊಂಡರು. ಆಮೇಲೆ ಕಣ್ಣು ಹಳದಿಯಾಯಿತು. ದೊಡ್ಡಮ್ಮನ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿ, ಪಿತ್ತಕೋಶದ ಹಿಂದೆ ಗಡ್ಡೆ ಇದೆ, ಹರಡಿಬಿಟ್ಟಿದೆ ಎಂದರು. ಡಾಕ್ಟರು ಕಾಗದ ನೋಡುತ್ತಾ ಹೇಳಿದರಂತೆ. "ನಮ್ಮ ಮುಖ ನೋಡಿ ಹೇಳಿ" ಎಂದು ದೊಡ್ಡಮ್ಮ ಅವರ ಕೈಯಿಂದ ಕಾಗದ ಕಿತ್ತು ಮೇಜಿನ ಮೇಲೆ ಮಗುಚಿ ಇಟ್ಟಳಂತೆ.

ನಮ್ಮ ಸಭೆಯಲ್ಲಿ ಪ್ರಾರ್ಥನೆ ಶುರುವಾಯಿತು. ಸಭೆ ಎಂದರೆ ಎಪ್ಪತ್ತು ಎಂಬತ್ತು ಜನ ಹಿಡಿಸುವ, ಮರದ ಬೆಂಚುಗಳ ಪುಟ್ಟ ಚರ್ಚು. ಅದರ ಹಿರಿಯರು ಒಬ್ಬ ನಿವೃತ್ತ ಹೆಡ್‌ಮಾಸ್ಟರ್. ಒಳ್ಳೆಯ ಮನುಷ್ಯ, ಯಾರ ಮನೆಯಲ್ಲಿ ಕಷ್ಟ ಬಂದರೂ ಮೊದಲು ಬಾಗಿಲು ತಟ್ಟುವವರು ಅವರೇ. ಆದರೆ ಎಲ್ಲವನ್ನೂ ತಿದ್ದುವ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಭಾನುವಾರ ದೊಡ್ಡಮ್ಮ ಎದ್ದುನಿಂತು, "ನನ್ನ ಗಂಡನ ಗಡ್ಡೆ ಕರಗಿಸು ತಂದೆಯೇ, ಅವನನ್ನ ನನಗೆ ವಾಪಸು ಕೊಡು, ಆಮೆನ್" ಎಂದು ಜೋರಾಗಿ ಕೇಳಿದಳು. ಆರಾಧನೆ ಮುಗಿದ ಮೇಲೆ ಹೆಡ್‌ಮಾಸ್ಟರ್ ಅವಳನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಹಾಗೆ ನೇರವಾಗಿ ಕೇಳಬಾರದು. ‘ನಿನ್ನ ಚಿತ್ತವಾದರೆ’ ಅಂತ ಸೇರಿಸು. ನಾಳೆ ಹೆಚ್ಚುಕಡಿಮೆ ಆದ್ರೆ ಮನಸ್ಸು ಒಡೆಯಲ್ಲ."

"ನಿಮ್ಮ ಮಗಳು ಜ್ವರ ಬಂದು ಮಲಗಿ ನೀರು ಕೇಳಿದ್ರೆ, ‘ಅಪ್ಪಾ, ನಿನಗೆ ಇಷ್ಟ ಇದ್ರೆ’ ಅಂತ ಸೇರಿಸ್ತಾಳಾ ಮಾಸ್ಟ್ರೇ?"

"ನಮ್ಮ ಕರ್ತ ಯೇಸುವೇ ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ತೋಟದಲ್ಲಿ ಹಾಗೆ ಪ್ರಾರ್ಥಿಸಿದ, ಮರೆತುಬಿಟ್ಯಾ?"

"ಮರೆತಿಲ್ಲ. ಆದ್ರೆ ಅವನು ಮೊದಲು ಕೇಳಿದ. ಇದು ನಂಗೆ ಬೇಡ, ತೆಗೆದುಬಿಡು ಅಂತ ಬೆವರು ಸುರಿಸಿ ಕೇಳಿದ. ಒಂದ್ಸಲ ಅಲ್ಲ, ಮೂರ್ಸಲ. ಆಮೇಲೆ ನಿನ್ನ ಚಿತ್ತ ಅಂದ. ನೀವೆಲ್ಲ ಮೊದಲರ್ಧ ನುಂಗಿ, ಬರೀ ಎರಡನೇ ಅರ್ಧ ಹೇಳ್ತೀರಿ. ಅದು ನಂಬಿಕೆ ಅಲ್ಲ ಮಾಸ್ಟ್ರೇ, ಅದು ಮುಂಜಾಗ್ರತೆ."

ಹೆಡ್‌ಮಾಸ್ಟರರ ಮುಖ ಕೆಂಪಗಾಯಿತು. ಪಕ್ಕದಲ್ಲಿದ್ದ ಅಮ್ಮ ದೊಡ್ಡಮ್ಮನ ತೋಳು ಜಗ್ಗಿದಳು. ದೊಡ್ಡಪ್ಪ ಮಾತ್ರ ಬೆಂಚಿನ ಮೇಲೆ ಕೂತಲ್ಲೇ ನಕ್ಕ. ನಗುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ.

ಹನ್ನೊಂದು ವಾರ ಅವಳು ಹಾಗೇ ಕೇಳಿದಳು. ಅವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ, ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲು ವಾರ್ಡಿಗೆ ಹೋಗಿ ಅವನ ಹಾಸಿಗೆಯ ಚಾದರವನ್ನು ತಾನೇ ಬದಲಿಸುವಳು, ನಾಲ್ಕೂ ಮೂಲೆ ಎಳೆದು ಕಟ್ಟುವಳು, ಆಮೇಲೆ ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳುವಳು. ಕೊನೆಯ ವಾರ ನಾನೂ ಅಲ್ಲಿದ್ದೆ. ದೊಡ್ಡಪ್ಪ ನಲವತ್ತೈದು ಕೆ.ಜಿ.ಗೆ ಇಳಿದಿದ್ದ. "ನಂಗೆ ಕೇಳೋ ಶಕ್ತಿ ಇಲ್ಲ ಕಣೇ" ಎಂದ, "ನೀನು ನಿಲ್ಲಿಸಬೇಡ." ಅವಳು ನಿಲ್ಲಿಸಲಿಲ್ಲ. ಶುಕ್ರವಾರ ಮಧ್ಯಾಹ್ನ, ಅವಳು ಊಟದ ಬಿಡುವಿನಲ್ಲಿ ಮೇಲೆ ಬಂದು ಅವನ ಪಕ್ಕ ಕೂತಿದ್ದಾಗ, ಅವನು ಸತ್ತ. ಅವಳ ಬಾಯಲ್ಲಿ ಆಗಲೂ ಅರ್ಧ ಪ್ರಾರ್ಥನೆ ಇತ್ತು.

ಸಮಾಧಿಯ ಹತ್ತಿರ ಪಾದ್ರಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿದರು. ಆಮೇಲೆ ಹೆಡ್‌ಮಾಸ್ಟರ್ ಮುಂದೆ ಬಂದರು. ಸಮಾಧಾನ ಹೇಳಬೇಕೆಂಬುದೇ ಅವರ ಉದ್ದೇಶ, ಅದರಲ್ಲಿ ಅನುಮಾನವಿಲ್ಲ. "ದೇವರು ತನ್ನ ತೋಟಕ್ಕೆ ಒಂದು ಒಳ್ಳೆ ಹೂವು ಬೇಕು ಅಂತ ಈ ಸಹೋದರನನ್ನ ಕಿತ್ತುಕೊಂಡಿದ್ದಾನೆ..." ಎಂದು ಶುರುಮಾಡಿದರು.

"ಅಲ್ಲಿಗೆ ನಿಲ್ಲಿಸಿ ಮಾಸ್ಟ್ರೇ."

ದೊಡ್ಡಮ್ಮ ಜೋರಾಗಿ ಹೇಳಲಿಲ್ಲ. ಆದರೆ ಗುದ್ದಲಿ ಹಿಡಿದು ನಿಂತಿದ್ದವನೂ ತಲೆಯೆತ್ತಿ ನೋಡಿದ.

"ನನ್ನ ಗಂಡ ಹೂವಲ್ಲ. ಬೀಗ ರಿಪೇರಿ ಮಾಡೋ ಮನುಷ್ಯ. ಅವನನ್ನ ಅರ್ಧಕ್ಕೆ ಇಳಿಸಿ ಕೊಂದದ್ದು ಗಡ್ಡೆ. ಅದನ್ನ ತಂದು ದೇವರ ತಲೆಗೆ ಕಟ್ಟಬೇಡಿ. ತನ್ನ ಸ್ನೇಹಿತ ಸತ್ತಾಗ ಯೇಸು ಸಮಾಧಿ ಮುಂದೆ ನಿಂತು ಅತ್ತ. ಹೂವು ಕಿತ್ತವನು ಯಾರಾದ್ರೂ ಅಳ್ತಾನಾ? ಕಳಕೊಂಡವನು ಅಳ್ತಾನೆ."

ಅವಳು ಬಗ್ಗಿ ಒಂದು ಹಿಡಿ ಮಣ್ಣು ಹಾಕಿ ನನ್ನ ಕೈ ಹಿಡಿದು ಗೇಟಿನ ಕಡೆ ನಡೆದಳು. ಅವಳ ಅಂಗೈ ಯಾವಾಗಲೂ ಬಿಸಿಯಾಗಿರುತ್ತಿತ್ತು, ಅವತ್ತು ತಣ್ಣಗಿತ್ತು.

ಮನೆಗೆ ಬಂದವರಲ್ಲಿ ಎರಡು ಬಣ ಇತ್ತು. ಒಂದು ಬಣದವರು, ದೇವರ ಲೆಕ್ಕಾಚಾರ ನಮಗೆ ತಿಳಿಯುವುದಿಲ್ಲ, ಇನ್ನು ಸುಮ್ಮನಿರಬೇಕು ಎಂದರು. ಇನ್ನೊಂದು ಬಣದ ಇಬ್ಬರು ಹೆಂಗಸರು ದನಿ ತಗ್ಗಿಸಿ, ಮನೆಯಲ್ಲಿ ಯಾರಿಗಾದರೂ ನಂಬಿಕೆ ಕಮ್ಮಿಯಿತ್ತೇನೋ, ಯಾವುದಾದರೂ ಒಪ್ಪಿಕೊಳ್ಳದ ಪಾಪ ಉಳಿದಿತ್ತೇನೋ ಎಂದರು. ದೊಡ್ಡಮ್ಮ ಅವರಿಗೆ ಟೀ ಬಗ್ಗಿಸಿಕೊಟ್ಟಳು. ಅವರು ಪೂರ್ತಿ ಕುಡಿಯುವವರೆಗೂ ಕಾದಳು. "ಅಂದ್ರೆ, ನಂಬಿಕೆ ಇಂತಿಷ್ಟು ಸೇರು ತೂಗಿದ್ರೆ ಮಾತ್ರ ಔಷಧಿ ಕೊಡೋ ಅಪ್ಪ ಅಂತೀರಾ ದೇವರನ್ನ? ಅಂಥ ಅಪ್ಪ ಪಕ್ಕದ ಬೀದೀಲಿದ್ರೆ ನೀವೇ ಪೊಲೀಸರಿಗೆ ಹೇಳ್ತಿದ್ರಿ" ಎಂದಳು. ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋಗಿ ತೊಳೆಯತೊಡಗಿದಳು. ಆ ಹೆಂಗಸರು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲು ವರ್ಷ ಹಿಡಿಯಿತು.

ಇನ್ನು ಚರ್ಚಿಗೆ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಮುಂದಿನ ಭಾನುವಾರವೇ ಬಂದಳು. ಮೂರನೆಯ ಬೆಂಚು, ಅದೇ ಜಾಗ. ಎಲ್ಲರೂ ಎದ್ದು ಪ್ರಾರ್ಥಿಸುವಾಗ ಅವಳು ಕೈಕಟ್ಟಿ ಕೂತೇ ಇದ್ದಳು, ಕಣ್ಣು ಬಿಟ್ಟುಕೊಂಡು, ಹಠ ಹಿಡಿದ ಮಗುವಿನ ಹಾಗೆ. ಐದಾರು ತಿಂಗಳು ಹೀಗೇ ನಡೆಯಿತು. ನಾನು ಒಮ್ಮೆ ತಡೆಯಲಾರದೆ ಕೇಳಿದೆ, "ದೇವರ ಮೇಲೆ ಕೋಪಾನಾ ದೊಡ್ಡಮ್ಮ?"

"ಮತ್ತೆ? ಉರಿಯೋವಷ್ಟು ಕೋಪ."

"ಹಾಗಿದ್ರೆ ಯಾಕೆ ಬರ್ತೀಯ?"

"ಕೆಟ್ಟವರ ಹತ್ರ ಯಾರಾದ್ರೂ ಕೋಪ ಮಾಡ್ಕೊಳ್ತಾರಾ? ಕೆಟ್ಟವರಿಗೆ ಹೆದರಬೇಕು, ಸಂದು ಸಿಕ್ಕಿದ್ರೆ ಓಡಬೇಕು. ಅವನು ಒಳ್ಳೆಯವನು ಅಂತ ಗೊತ್ತು, ಅದಕ್ಕೇ ಕೋಪ. ಒಳ್ಳೆಯವನಾಗಿದ್ದು ಯಾಕೆ ಕೊಡಲಿಲ್ಲ ಅಂತ ಅವನೇ ಹೇಳಲಿ. ನಾನು ಎದುರಿಗೇ ಕೂತಿರ್ತೀನಿ."

ಅವನು ಹೇಳಿದನೋ ಇಲ್ಲವೋ ಅವಳು ನನಗೆ ಹೇಳಲಿಲ್ಲ. ಒಂದು ಭಾನುವಾರ ಎಲ್ಲರ ಜೊತೆ ಎದ್ದುನಿಂತಳು, ಅಷ್ಟೆ. ಮೇಲಿನ ಮನೆ ಅಜ್ಜಿಯ ಮೊಣಕಾಲಿನಿಂದಲೇ ಶುರುಮಾಡಿದಳು. ಈ ಸಲ ಎರಡೂ ಕಾಲು.

ನಾನು ಆಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದ್ದೆ. ಮದುವೆಯೂ ಆಯಿತು, ನನ್ನ ಗಂಡ ಶಾಲೆಯ ಬಸ್ಸು ಓಡಿಸುತ್ತಾನೆ. ಎರಡು ಸಲ ಬಸಿರಾಗಿ ಎರಡು ಸಲವೂ ನಾಲ್ಕನೇ ತಿಂಗಳಿಗೆ ಹೋಯಿತು. ಮೂರನೆಯ ಸಲ ನಿಂತಾಗ ನಾನು ಯಾರಿಗೂ ಹೇಳಲಿಲ್ಲ. ದೇವರಿಗೂ ಹೇಳಲಿಲ್ಲ ಎಂದೇ ಅನ್ನಬೇಕು. ಪ್ರಾರ್ಥನೆ ಮಾಡುತ್ತಿದ್ದೆ, ಆದರೆ ಲೋಕಕ್ಕೆಲ್ಲ ಶಾಂತಿ ಕೇಳುತ್ತಿದ್ದೆ, ಪ್ರಯಾಣಿಕರಿಗೆ ಕ್ಷೇಮ ಕೇಳುತ್ತಿದ್ದೆ, ನನ್ನ ಹೊಟ್ಟೆಯ ಸುದ್ದಿ ಬಂದಾಗ ನಾಲಿಗೆ ತಾನೇ ಮಡಚಿಕೊಳ್ಳುತ್ತಿತ್ತು. ಕೇಳಿದರೆ ಅವನಿಗೆ ನೆನಪಾಗುತ್ತದೆ, ನೆನಪಾದರೆ ಇದನ್ನೂ ತೆಗೆದುಕೊಂಡುಬಿಡುತ್ತಾನೆ ಎಂಬ ಭಯ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇದ್ದದ್ದೇ ಹಾಗೆ.

ದೊಡ್ಡಮ್ಮನ ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ತಿಂಗಳು?" ಎಂದಳು. ನಾನು ಮೂರೂವರೆ ಎಂದೆ. "ಕೇಳಿದ್ಯಾ?" ಎಂದಳು. ಯಾರನ್ನು ಎಂದು ನಾನು ಕೇಳಬೇಕಾಗಿರಲಿಲ್ಲ.

"ಇಲ್ಲ. ಅವನಿಷ್ಟ ಇದ್ದ ಹಾಗೆ ಆಗಲಿ ಅಂತ ಬಿಟ್ಟಿದ್ದೀನಿ."

"ಸುಳ್ಳು. ಬಿಟ್ಟಿಲ್ಲ, ಅಡಗಿಸಿ ಇಟ್ಕೊಂಡಿದ್ದೀಯ. ಕಳ್ಳ ಬಂದಾಗ ಒಡವೆ ಅಡಗಿಸಿಡ್ತಾರಲ್ಲ, ಹಾಗೆ." ಅವಳು ನನ್ನ ಕೈಯಿಂದ ಚಾಕು ತೆಗೆದು ಪಕ್ಕಕ್ಕಿಟ್ಟಳು. "ಯಾರಂದ್ಕೊಂಡಿದ್ದೀಯ ನೀನು ಅವನನ್ನ?"

ನನಗೂ ಸಿಟ್ಟು ಬಂತು. "ನೀನು ಹನ್ನೊಂದು ವಾರ ಕೇಳಿದ್ಯಲ್ಲ, ಏನ್ ಸಿಕ್ತು?" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತಳು.

"ಅವನು ಉಳೀಲಿಲ್ಲ. ಅದು ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಇದೆ ಅನ್ನೋರನ್ನ ನಾನು ನಂಬಲ್ಲ. ಆದ್ರೆ ಆ ಹನ್ನೊಂದು ವಾರ ನಾನು ಒಬ್ಬಳೇ ಇರಲಿಲ್ಲ. ಕೇಳೋ ಬಾಯಿ ಮುಚ್ಚಿಕೊಂಡಿದ್ರೆ ಗಂಡನ್ನೂ ಕಳ್ಕೊಳ್ತಿದ್ದೆ, ಮೇಲಿರೋ ಅಪ್ಪನ್ನೂ ಕಳ್ಕೊಳ್ತಿದ್ದೆ. ಒಂದು ಸಾವಿಗೆ ನಾನು ಅಷ್ಟೆಲ್ಲ ಕೊಡೋಳಲ್ಲ."

"ಮತ್ತೆ ಈ ಸಲಾನೂ ಹೋದ್ರೆ?"

"ಹೋದ್ರೆ ಇಬ್ಬರೂ ಕೂತು ಅಳೋಣ. ಅವನ ಜೊತೆ ಜಗಳ ಆಡೋಣ. ನಂಗೆ ಅಭ್ಯಾಸ ಇದೆ, ನಿಂಗೂ ಕಲಿಸ್ತೀನಿ. ಆದ್ರೆ ಆ ಭಯಕ್ಕೆ ಈಗಲೇ ಯಾಕೆ ತಲೆ ಬಾಗಿಸ್ಬೇಕು? ಕೇಳೋದರಲ್ಲೂ ಜಿಪುಣತನ ಮಾಡಿದ್ರೆ ಹೇಗೆ? ಹೇಳು, ಏನ್ ಬೇಕು?"

"ಮಗು" ಎಂದೆ.

"ನಂಗಲ್ಲ."

ಕ್ಯಾರೆಟ್ ಅಂಟಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಕೇಳಿದೆ. ಜೀವಂತ ಮಗು ಬೇಕು, ಅಳುವ ಮಗು ಬೇಕು, ನನ್ನ ತೋಳಲ್ಲಿ ಭಾರವಾಗುವಂಥದ್ದು ಬೇಕು ಎಂದು ಕೇಳಿದೆ. ಕೇಳಿದ್ದಕ್ಕಿಂತ ಅತ್ತದ್ದೇ ಜಾಸ್ತಿ. ದೊಡ್ಡಮ್ಮ ನನ್ನ ಬೆನ್ನು ಸವರುತ್ತಾ ಮಧ್ಯೆ ಮಧ್ಯೆ "ಹೂಂ, ಇನ್ನೂ?" ಎನ್ನುತ್ತಿದ್ದಳು, ಅಂಗಡಿಯಲ್ಲಿ ಪಟ್ಟಿ ಬರೆದುಕೊಳ್ಳುವವಳ ಹಾಗೆ.

ಮಗಳು ದೊಡ್ಡಮ್ಮನ ಆಸ್ಪತ್ರೆಯಲ್ಲೇ, ಏಳು ತಿಂಗಳಿಗೇ ಹುಟ್ಟಿದಳು. ಒಂದು ಕೆ.ಜಿ. ಮುನ್ನೂರು ಗ್ರಾಂ. ನನ್ನ ತೋಳಿಗೆ ಕೊಡಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಮೂಗಿಗೆ ಕೊಳವೆ ಹಾಕಿದರು. ಮೊದಲ ವಾರ ಎರಡು ಸಲ ಉಸಿರು ನಿಂತು, ನರ್ಸು ಅಂಗಾಲು ಉಜ್ಜಿ ಮತ್ತೆ ಹಿಡಿಸಿದಳು. ದೊಡ್ಡಮ್ಮ ಕೆಳಗೆ ಯಂತ್ರದ ಕೆಲಸ ಮುಗಿಸಿ, ಆ ಕೋಣೆಗೆ ಹೋಗುವ ಕರವಸ್ತ್ರದಷ್ಟಗಲದ ಚಾದರಗಳಿಗೆ ಪ್ರತ್ಯೇಕವಾಗಿ ಕೈಯಲ್ಲೇ ಇಸ್ತ್ರಿ ಹಾಕುತ್ತಿದ್ದಳು. ನಮ್ಮ ಮಗುವಿನದೊಂದೇ ಅಲ್ಲ, ಹದಿನಾಲ್ಕೂ ಪೆಟ್ಟಿಗೆಗಳದು. ಅವನ್ನು ತಾನೇ ಮೇಲೆ ತಂದುಕೊಟ್ಟು ಗಾಜಿನ ಗೋಡೆಯ ಹೊರಗೆ ನಿಲ್ಲುವಳು. "ಇವತ್ತು ಇಪ್ಪತ್ತು ಗ್ರಾಂ ಏರಲಿ ತಂದೆಯೇ. ಆ ಕೊನೇ ಪೆಟ್ಟಿಗೆ ಗಂಡುಮಗೂಗೂ ಇಪ್ಪತ್ತು." ಮರುದಿನ ತೂಕ ಇಳಿದಿದ್ದರೆ, "ಇದೇನಿದು?" ಎಂದು ಮೇಲೆ ನೋಡುವಳು. ನಾನು ಹೆದರುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಹೆದರಿಕೊಂಡೇ ಅವಳ ಪಕ್ಕ ನಿಂತು ಕೇಳಿದೆ. ಮೂವತ್ತೆಂಟು ದಿನ.

ಮೂವತ್ತೊಂಬತ್ತನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ಕೊನೆಯ ಪೆಟ್ಟಿಗೆಯ ಗಂಡುಮಗು ಅದಕ್ಕೆ ನಾಲ್ಕು ದಿನ ಮೊದಲು ತೀರಿಕೊಂಡಿತ್ತು. ದೊಡ್ಡಮ್ಮ ಅದರ ತಾಯಿಯ ಜೊತೆ ಮೆಟ್ಟಿಲ ಮೇಲೆ ಒಂದಿಡೀ ಬೆಳಗು ಕೂತಿದ್ದಳು. ಅವತ್ತು ಕೆಲಸಕ್ಕೆ ಹೋಗಲಿಲ್ಲ.

ಮಗುವನ್ನು ಮೊದಲ ಸಲ ಚರ್ಚಿಗೆ ಕರೆದುಕೊಂಡು ಹೋದ ದಿನ ಎಲ್ಲರಿಗೂ ಸಂಭ್ರಮ. ಹೆಡ್‌ಮಾಸ್ಟರ್ ಎದ್ದುನಿಂತರು. "ಈ ಸಹೋದರಿಯ ನಂಬಿಕೆಗೆ ದೇವರು ಪ್ರತಿಫಲ ಕೊಟ್ಟಿದ್ದಾನೆ. ಗಂಡನನ್ನ ಕಳಕೊಂಡ ಮನೆಗೆ ಮಗುವನ್ನ ಕೊಟ್ಟಿದ್ದಾನೆ. ಬಂದು ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಮ್ಮ" ಎಂದರು.

ದೊಡ್ಡಮ್ಮ ಮುಂದೆ ಹೋಗಿ ನಿಂತಳು. ಕೈಗಳು ಏಪ್ರನ್ ಹುಡುಕಿದವು, ಏಪ್ರನ್ ಇರಲಿಲ್ಲ, ಹಾಗಾಗಿ ಸೊಂಟದ ಮೇಲೆ ಕೂತವು.

"ಪ್ರತಿಫಲ ಅನ್ನಬೇಡಿ ಮಾಸ್ಟ್ರೇ. ಈ ಮಗೂಗೆ ಕೇಳಿದ ಬಾಯೇ ನನ್ನ ಗಂಡನಿಗೂ ಕೇಳಿದ್ದು. ಅದೇ ನಂಬಿಕೆ, ಒಂದು ಗ್ರಾಂ ಹೆಚ್ಚಲ್ಲ, ಕಮ್ಮಿಯಲ್ಲ. ಆ ಕೊನೇ ಪೆಟ್ಟಿಗೆ ಮಗೂಗೂ ನಾನೇ ಕೇಳಿದ್ದೆ. ಅದು ಹೋಯ್ತು. ಅದರ ತಾಯಿ ಮುಂದೆ ನಿಂತು ಹೇಳೋಕಾಗದ ಸಾಕ್ಷಿಯನ್ನ ನಾನು ಇಲ್ಲೂ ಹೇಳಲ್ಲ." ನನ್ನ ತೋಳಲ್ಲಿದ್ದ ಮಗುವಿನ ಕಡೆ ತಿರುಗಿದಳು. "ಇವಳು ಬದುಕಿದ್ದಕ್ಕೆ ನಂಗೆ ಖುಷಿ. ಕುಣಿಯೋವಷ್ಟು ಖುಷಿ. ದೇವರಿಗೆ ಥ್ಯಾಂಕ್ಸ್ ಹೇಳಿದ್ದೀನಿ, ಇನ್ನೂ ಹೇಳ್ತೀನಿ. ಆದ್ರೆ ಇವಳು ಉಳಿದಳು ಅಂತ ಅವನು ಒಳ್ಳೆಯವನಾಗಲಿಲ್ಲ. ನನ್ನ ಗಂಡ ಸತ್ತ ಶುಕ್ರವಾರಾನೂ ಅವನು ಒಳ್ಳೆಯವನೇ. ಯಾಕೆ, ಹೇಗೆ ಅಂತ ನಂಗೊತ್ತಿಲ್ಲ, ಗೊತ್ತಾಗೋ ತನಕ ಕೇಳೋದು ಬಿಡಲ್ಲ. ಸಾಕ್ಷಿ ಅಂದ್ರೆ ಇಷ್ಟೇ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪಾದ್ರಿ ಯಾವ ಹಾಡು ಹೇಳಿಸಬೇಕೆಂದು ತಿಳಿಯದೆ ಪುಸ್ತಕದ ಹಾಳೆ ತಿರುವಿದರು. ಅಷ್ಟರಲ್ಲಿ ನನ್ನ ಮಗಳು ಕಿಟಾರನೆ ಕಿರುಚಿಕೊಂಡಳು, ಎಲ್ಲರೂ ನಕ್ಕು ಬದುಕಿಕೊಂಡರು.

ಆರಾಧನೆ ಮುಗಿದ ಮೇಲೆ ಹೆಡ್‌ಮಾಸ್ಟರ್ ನಮ್ಮ ಹತ್ತಿರ ಬಂದರು. ತಿದ್ದಲು ಬಂದಿದ್ದಾರೆ ಎಂದುಕೊಂಡೆ. ಅವರು ದೊಡ್ಡಮ್ಮನ ಮುಖ ನೋಡಲಿಲ್ಲ, ಮಗುವಿನ ಪಾದ ನೋಡುತ್ತಾ ಮಾತಾಡಿದರು.

"ನನ್ನ ಹೆಂಡತಿ ಕಾಯಿಲೆ ಬಿದ್ದಾಗ ನಾನು ಒಂದು ಸಲಾನೂ ಕೇಳಲಿಲ್ಲಮ್ಮ. ನಿನ್ನ ಚಿತ್ತ, ನಿನ್ನ ಚಿತ್ತ ಅಂತಷ್ಟೇ ಅಂದೆ. ಕೇಳಿ, ಅವನು ಕೊಡದೆ ಹೋದ್ರೆ, ಅವನನ್ನ ದ್ವೇಷ ಮಾಡಿಬಿಡ್ತೀನಿ ಅಂತ ಭಯ. ಅವಳಿಗಾಗಿ ಕೇಳಬೇಕಿತ್ತು."

ದೊಡ್ಡಮ್ಮ ಮಗುವನ್ನು ನನ್ನ ತೋಳಿಂದ ತೆಗೆದು ಅವರ ತೋಳಿಗೆ ಕೊಟ್ಟಳು. "ಸ್ವಲ್ಪ ಹಿಡ್ಕೊಳ್ಳಿ ಮಾಸ್ಟ್ರೇ. ತಲೆ ಕೆಳಗೆ ಕೈ ಇಡಿ. ಹಾಂ, ಹಾಗೆ."

ದೊಡ್ಡಮ್ಮ ಹೋದ ವರ್ಷ ನಿವೃತ್ತಳಾದಳು. ಮನೆಯಲ್ಲಿ ಕೂರುವ ಜೀವ ಅಲ್ಲ. ಈಗ ವಾರಕ್ಕೆ ನಾಲ್ಕು ದಿನ ಅದೇ ಆಸ್ಪತ್ರೆಗೆ ಹೋಗಿ, ಆಪರೇಷನ್ ಕೋಣೆಯ ಹೊರಗೆ ರೋಗಿಗಳ ಮನೆಯವರು ಕಾಯುವ ಉಕ್ಕಿನ ಬೆಂಚಿನ ಮೇಲೆ ಕೂರುತ್ತಾಳೆ. ಯಾರ ಹತ್ತಿರವೂ ಧರ್ಮದ ಮಾತು ಎತ್ತುವುದಿಲ್ಲ. ನೀರು ಬೇಕಾ, ಊಟ ಆಯ್ತಾ ಎನ್ನುತ್ತಾಳೆ. ತಾವಾಗಿ ಪ್ರಾರ್ಥನೆ ಮಾಡಿ ಎಂದು ಕೇಳಿದವರಿಗೆ ಮಾತ್ರ, "ಏನು ಬೇಕು ಅಂತ ಸರಿಯಾಗಿ ಹೇಳಿ" ಎನ್ನುತ್ತಾಳೆ. ಕಾವಲುಗಾರ ಒಮ್ಮೆ ಬಂದು, ಇಲ್ಲಿ ಇದಕ್ಕೆಲ್ಲ ಅನುಮತಿ ಬೇಕು ಎಂದನಂತೆ. "ಇಪ್ಪತ್ತಾರು ವರ್ಷ ಈ ಕಟ್ಟಡದ ಕೆಳಗೆ ನಿಂತಿದ್ದೀನಪ್ಪಾ, ಈಗ ಕೂತಿದ್ದೀನಿ. ಕೂರೋಕೂ ಪಾಸು ಬೇಕಾ?" ಎಂದಳಂತೆ. ಅವನು ಈಗ ಅವಳಿಗೆ ಕುರ್ಚಿಯ ದಿಂಬು ತಂದುಕೊಡುತ್ತಾನೆ.

ಮೊನ್ನೆ ಮಂಗಳವಾರ ಒಬ್ಬ ಗಾರೆ ಕೆಲಸದವನು ಅವಳ ಪಕ್ಕ ಕೂತಿದ್ದನಂತೆ, ಒಳಗೆ ಅವನ ಅಕ್ಕನಿಗೆ ಆಪರೇಷನ್. ಇಬ್ಬರೂ ಎರಡು ಗಂಟೆ ಕೇಳಿದರು. ಅಕ್ಕ ಮೇಜಿನ ಮೇಲೆಯೇ ಹೋಗಿಬಿಟ್ಟಳು. ಅವನು ದೊಡ್ಡಮ್ಮನ ಕಡೆ ತಿರುಗಿ, "ನಿಮ್ಮ ದೇವರು ಎಲ್ಲಿ ಸತ್ತಿದ್ದ?" ಎಂದು ಕೂಗಾಡಿದನಂತೆ. ಅವಳು ಎದ್ದು ಹೋಗಲಿಲ್ಲ. ಅವನ ಕೂಗು ಮುಗಿಯುವವರೆಗೆ ಕೂತಿದ್ದು, ಕಾಗದಪತ್ರಗಳ ಕಿಟಕಿಗೆ ಜೊತೆಗೆ ಹೋಗಿ, ಅವನ ಭಾವ ಬರುವವರೆಗೆ ಅಲ್ಲೇ ನಿಂತಳು.

ಸಂಜೆ ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅವಳ ಕಾಲು ಬಾತುಕೊಂಡಿತ್ತು. ಬಿಸಿನೀರಿನ ಬಕೆಟ್ ತಂದಿಟ್ಟೆ. "ನಾಳೆ ಒಂದಿನ ಮನೇಲಿರು ದೊಡ್ಡಮ್ಮ" ಎಂದೆ.

"ನಾಳೆ ಬೆಳಗ್ಗೆ ಮೂರು ಆಪರೇಷನ್ ಇದೆ ಕಣೇ. ಅದರಲ್ಲೊಂದು ಹೃದಯದ್ದು" ಎಂದಳು. ಬಕೆಟ್ಟಿನಲ್ಲಿ ಕಾಲಿಟ್ಟು ಹಿಂದಕ್ಕೆ ಒರಗಿದಳು. "ಇವತ್ತು ಇಲ್ಲೇ ಮಲಗಿ ಏಳೂವರೆ ಬಸ್ಸಿಗೆ ಹೋಗ್ತೀನಿ, ನಿನ್ನ ಗಂಡನಿಗೆ ಎಬ್ಬಿಸೋಕೆ ಹೇಳು."